ಹಿತ್ತಲತ್ತೆಯ ಮೈಲಿಗೆ ಪುಸ್ತಕಗಳು

ಹೋದ ತಿಂಗಳು ಹಾಸನದಲ್ಲಿ, ನನ್ನ ಅಕ್ಕನ ಮಗಳ ಮನೆಯಲ್ಲಿ, ಎಳೆಗೂಸಿಗೆಂದು ಬಜೆ ತೇಯುತ್ತಿದ್ದರು. ಸಾಣೆಕಲ್ಲಿನ ಮೇಲೆ ಎರಡು ಸುತ್ತು ತಿರುಗಿಸಿದರೋ ಇಲ್ಲವೋ, ಆ ಖಾರ ವಾಸನೆ ಮೂಗಿಗೆ ಬಡಿಯಿತು. ಹೆತ್ತವಳು ಅಕ್ಕನ ಮೊಮ್ಮಗಳು. ಕಿವಿಗೆ ಹತ್ತಿ ಇಟ್ಟುಕೊಂಡು ಮಂಚದ ಮೇಲೆ ಒರಗಿದ್ದವಳು, "ಚಿಕ್ಕಜ್ಜಿ, ಟೀವಿ ನೋಡಿ ನೋಡಿ ಬೇಜಾರಾಯ್ತು. ಯಾವುದಾದ್ರೂ ಒಳ್ಳೇ ಕಾದಂಬರಿ ಹೇಳಿ. ಹೆಂಗಸರ ಕಥೆ ಇರಬೇಕು, ಓದ್ತಾ ಓದ್ತಾ ಖುಷಿಯಾಗಬೇಕು" ಅಂದಳು. ಕೇಳಿದ್ದರಲ್ಲಿ ತಪ್ಪೇನಿರಲಿಲ್ಲ. ಆದರೂ ನನಗೆ ಎಲ್ಲಿಲ್ಲದ ಕೋಪ ಬಂತು. ಅವಳ ಮೇಲಲ್ಲ, ಪಾಪ. ಆ ವಾಸನೆ, ಈ ಪ್ರಶ್ನೆ ಎರಡೂ ಒಟ್ಟಿಗೆ ಸೇರಿಕೊಂಡು ನನ್ನನ್ನು ಹೊಳೆನರಸೀಪುರದ ನಮ್ಮ ಹಿತ್ತಲಿಗೆ ಎಳೆದುಕೊಂಡು ಹೋದವು. ಅರವತ್ತು ವರ್ಷ ಆದಮೇಲೂ ಅಲ್ಲಿಗೆ ಹೋದರೆ ನನಗೆ ಬರುವುದು ಕೋಪವೇ.

ಬಜೆಯ ವಾಸನೆಯನ್ನು ನಾನು ಮೊದಲು ಕಂಡದ್ದು ಕೂಸುಗಳ ಬಾಯಲ್ಲಲ್ಲ, ಕಾದಂಬರಿಗಳ ಹಾಳೆಗಳಲ್ಲಿ. ಪುಸ್ತಕಕ್ಕೆ ಹುಳ ಬೀಳದಿರಲಿ ಅಂತ ಒಂದೊಂದರ ನಡುವೆಯೂ ಒಂದು ತುಂಡು ಬಜೆ ಇಡುತ್ತಿದ್ದವರು ನಮ್ಮ ಹಿತ್ತಲತ್ತೆ. ನಮ್ಮ ಹಿತ್ತಲಿಗೂ ಅವರ ಹಿತ್ತಲಿಗೂ ನಡುವೆ ಎದೆಯೆತ್ತರದ ಒಂದೇ ಮಣ್ಣುಗೋಡೆ. ಅವರನ್ನು ನಾನು ಬೀದಿ ಬಾಗಿಲಲ್ಲಿ ನೋಡಿದ್ದು ಕಡಿಮೆ, ಆ ಗೋಡೆಯ ಮೇಲೆ ನೋಡಿದ್ದೇ ಹೆಚ್ಚು. ಅದಕ್ಕೇ ಆ ಹೆಸರು. ಸಂಬಂಧದಲ್ಲಿ ಅತ್ತೆಯೇನಲ್ಲ. ಗಂಡ ಮೈಸೂರಿನಲ್ಲಿ ಇನ್ನೊಂದು ಸಂಸಾರ ಹೂಡಿದ್ದ. ಇವರು ಹಣೆ ತುಂಬ ಕುಂಕುಮ ಇಟ್ಟುಕೊಂಡು ತಮ್ಮನ ಮನೆಯಲ್ಲಿ ಬೇಯಿಸಿ ಹಾಕಿಕೊಂಡಿದ್ದರು. ತಮ್ಮ ಕೋರ್ಟಿನಲ್ಲಿ ಗುಮಾಸ್ತ. ಸಂಜೆಯಾದರೆ ಬಿಳಿ ಪಂಚೆಯ ಮೇಲೆ ಕೋಟು ಹಾಕಿಕೊಂಡು ಊರಿನ ವಾಚನಾಲಯಕ್ಕೆ ಹೋಗಿ ಪೇಪರು ಓದಿ ಬರುವ ದೊಡ್ಡ ಮನುಷ್ಯ. ಆ ವಾಚನಾಲಯದ ಮೆಟ್ಟಿಲನ್ನು ನಮ್ಮ ಬೀದಿಯ ಹೆಂಗಸೊಬ್ಬಳು ತುಳಿದದ್ದನ್ನು ನಾನು ಕಾಣೆ.

ಹೆಂಗಸರು ಓದುತ್ತಿದ್ದದ್ದು ಬೇರೆ ಕಡೆ. ಆಗ ತಿಂಗಳಿಗೆ ಮೂರು ದಿನ ಅವರು ಹೊರಗೆ ಕೂರಬೇಕಿತ್ತು. ಹಿತ್ತಲ ಕೋಣೆ, ಒಂದು ಚಾಪೆ, ಒಂದು ಚೊಂಬು. ಒಲೆ ಮುಟ್ಟುವಂತಿಲ್ಲ, ನೀರು ಸೇದುವಂತಿಲ್ಲ, ಬಡಿಸುವವರು ದೂರದಿಂದ ಎಲೆಗೆ ಹಾಕಿ ಹೋಗಬೇಕು. ಉಳಿದ ದಿನವೆಲ್ಲ ಗಾಣದೆತ್ತಿನ ಹಾಗೆ ಸುತ್ತುವ ಹೆಂಗಸರಿಗೆ ಕೈ ಖಾಲಿಯಾಗುತ್ತಿದ್ದದ್ದು ಆ ಮೂರೇ ದಿನ. ಅದನ್ನೂ ಯಾರೂ ಕರುಣೆಯಿಂದ ಕೊಟ್ಟಿರಲಿಲ್ಲ, ಹೇಸಿಗೆಯಿಂದ ಕೊಟ್ಟಿದ್ದರು. ಹಿತ್ತಲತ್ತೆ ಅದೇ ಹೇಸಿಗೆಯನ್ನು ಹಿಡಿದುಕೊಂಡು ಒಂದು ಗ್ರಂಥಾಲಯ ಕಟ್ಟಿಬಿಟ್ಟರು.

ಲೆಕ್ಕ ಸರಳವಾಗಿತ್ತು. ಹೊರಗೆ ಕೂತವಳು ಮುಟ್ಟಿದ ಬಟ್ಟೆಯನ್ನು ನೆನೆಸಿದರೆ ಶುದ್ಧವಾಗುತ್ತದೆ, ಪಾತ್ರೆಯನ್ನು ತೊಳೆದರೆ ಶುದ್ಧವಾಗುತ್ತದೆ. ಪುಸ್ತಕವನ್ನು ನೆನೆಸುವುದು ಹೇಗೆ? ಒಂದು ಸಲ ಮೈಲಿಗೆಯಾದ ಕಾದಂಬರಿ ಎಂದೆಂದಿಗೂ ಮೈಲಿಗೆ. ಮನೆಯೊಳಗೆ ಬರುವ ಹಾಗೇ ಇಲ್ಲ. ಹಾಗಾಗಿ ಅವು ಕೊಟ್ಟಿಗೆಯ ಅಟ್ಟದ ಮೇಲೆ, ಹುಲ್ಲಿನ ಹೊರೆಗಳ ಹಿಂದೆ ಇರುತ್ತಿದ್ದವು. ಗಂಡಸರಿಗೆ ಅವು ಅಲ್ಲಿರುವುದು ಗೊತ್ತಿತ್ತು. ಗೊತ್ತಿದ್ದರೂ ಒಬ್ಬರೂ ಹತ್ತಿರ ಸುಳಿಯುತ್ತಿರಲಿಲ್ಲ, ಯಾವ ಪುಸ್ತಕ, ಅದರಲ್ಲಿ ಏನಿದೆ ಅಂತ ತೆರೆದು ನೋಡುತ್ತಿರಲಿಲ್ಲ. ಕಬ್ಬಿಣದ ಬೀರುವಿಗೆ ಬೀಗ ಹಾಕಿಟ್ಟರೂ ಅಷ್ಟು ಭದ್ರವಾಗಿ ಇರುತ್ತಿರಲಿಲ್ಲ. ಹಪ್ಪಳ ಸಂಡಿಗೆ ಮಾರಿದ ದುಡ್ಡಿನಲ್ಲಿ, ಹಾಸನಕ್ಕೆ ಹೋಗಿಬರುವವರ ಕೈಲಿ ಹೇಳಿ ಹೇಳಿ, ಅವರು ಒಂದೊಂದಾಗಿ ತರಿಸಿಕೊಂಡ ಕಾದಂಬರಿಗಳವು.

ಬೆಳಗ್ಗೆ ಸ್ನಾನಕ್ಕೆ ಮುಂಚೆ ಅವರು ಗೋಡೆಯ ಹತ್ತಿರ ನಿಂತು ಅತ್ತಿತ್ತ ನೋಡುತ್ತಿದ್ದರು. ಯಾವ ಹಿತ್ತಲಲ್ಲಿ ಯಾರು ಚಾಪೆ ಹಾಕಿದ್ದಾರೆ ಅಂತ ಕಂಡ ಕೂಡಲೇ ಕೇಳುತ್ತಿದ್ದ ಮೊದಲ ಪ್ರಶ್ನೆ, "ಇವತ್ತು ಎಷ್ಟನೇ ದಿನವೇ?" ಮೊದಲನೇ ದಿನವಾದರೆ ದಪ್ಪ ಪುಸ್ತಕ. ಮೂರನೇ ದಿನವಾದರೆ, "ನಾಳೆ ತಲೆಗೆ ನೀರು, ತೆಳ್ಳಗಿರೋದು ತಗೋ, ಅರ್ಧಕ್ಕೆ ಬಿಟ್ರೆ ಸಾರಿಗೆ ಉಪ್ಪು ಹಾಕೋದು ಮರೀತೀಯ." ಅತ್ತೆಯ ಕಾಟದಲ್ಲಿ ಸೊರಗಿದವಳು ಕಣ್ಣೀರಿನ ಕಥೆ ಕೇಳಿದರೆ ಕೊಡುತ್ತಿರಲಿಲ್ಲ. "ಅಳೋಕೆ ನಿಮ್ಮನೇಲೇ ಬೇಕಾದಷ್ಟಿದೆ. ನಗೋ ಪುಸ್ತಕ ಓದು." ಗಂಡನನ್ನು ದೇವರು ಅಂದುಕೊಂಡು ಕೂತವಳಿಗೆ, ಹೆಂಡತಿ ಎದುರು ಮಾತಾಡುವ ಕಾದಂಬರಿಯನ್ನೇ ಹುಡುಕಿ ಕೊಡುತ್ತಿದ್ದರು. ಕೊಟ್ಟಿಗೆ ಕೆಲಸಕ್ಕೆ ಬರುತ್ತಿದ್ದ ಹೆಂಗಸು ಅಟ್ಟ ಹತ್ತಿ ತೆಗೆದುಕೊಡುತ್ತಿದ್ದಳು. ಅವಳಿಗೆ ಓದು ಬರುತ್ತಿರಲಿಲ್ಲ. "ಕೆಂಪು ಸೀರೆಯವಳ ಚಿತ್ರ ಇರೋದು", "ಕಿಟಕೀಲಿ ನಿಂತವಳದು" ಅಂತ ಇವರು ಕೆಳಗಿನಿಂದ ಹೇಳಿದರೆ ಸಾಕು.

ಹಿತ್ತಲತ್ತೆಗೆ ಒಂದೇ ಒಂದು ಕಟ್ಟುನಿಟ್ಟು. ಯಾವ ಕಥೆಯ ಕೊನೆಯನ್ನೂ ಯಾರಿಗೂ ಹೇಳಕೂಡದು. ಯಾರಾದರೂ ಬಾಯಿ ತಪ್ಪಿ ಹೇಳಿದರೆ ಆ ತಿಂಗಳು ಅವರಿಗೆ ಪುಸ್ತಕವಿಲ್ಲ.

ಮೂರು ದಿನ ಸಾಲದೆ ಹೋದಾಗ ಹೆಂಗಸರು ಇನ್ನೊಂದು ದಾರಿ ಕಂಡುಕೊಂಡಿದ್ದರು. ಆಗಿರದಿದ್ದರೂ ಆದೆ ಅಂತ ಹೇಳಿ ಕೂತುಬಿಡುವುದು. ತಮ್ಮತಮ್ಮಲ್ಲೇ ಅದಕ್ಕೆ "ಕಥೆಗೆ ಕೂರೋದು" ಅನ್ನುತ್ತಿದ್ದರು. ಬೀದಿಯ ಅರ್ಧದಷ್ಟು ಹೆಂಗಸರು ಒಂದಲ್ಲ ಒಂದು ಸಲ ಕಥೆಗೆ ಕೂತವರೇ. ನನ್ನ ಅಮ್ಮನೂ ಕೂತಿದ್ದಳು. ಸೆರಗಿನ ಮರೆಯಲ್ಲಿ ನಗುತ್ತಾ ಓದುತ್ತಿದ್ದ ಆ ಅಮ್ಮನನ್ನು ನಾನು ಕಣ್ಣಾರೆ ಕಂಡಿದ್ದೇನೆ. ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ಮುಂದೆ ಆದದ್ದು ಕೇಳಿದಾಗ ನಿಮಗೂ ಮೈ ಉರಿಯಬೇಕು.

ಅಕ್ಕನಿಗೆ ಮದುವೆಯಾದದ್ದು ಒಂದು ವೈಶಾಖದಲ್ಲಿ, ಚನ್ನರಾಯಪಟ್ಟಣದ ಮನೆತನಕ್ಕೆ. ನನಗಾಗ ಹದಿನಾಲ್ಕೋ ಹದಿನೈದೋ. ಆಷಾಢಕ್ಕೆ ಎಲ್ಲ ಹೊಸ ಮದುವಣಗಿತ್ತಿಯರಂತೆ ಅವಳೂ ತವರಿಗೆ ಬಂದಳು. ಆ ತಿಂಗಳು ಅತ್ತೆ ಸೊಸೆ ಒಂದೇ ಹೊಸಲು ತುಳಿಯಬಾರದು, ಗಂಡನೂ ಇತ್ತ ಬರುವಂತಿಲ್ಲ. ಬಂದ ಎರಡನೇ ವಾರಕ್ಕೆ ಹಿತ್ತಲತ್ತೆಯ ಅಟ್ಟಕ್ಕೆ ಹೊಸ ಕಾದಂಬರಿ ಬಂತು. ನಮ್ಮ ಮನೆ ತುಂಬ ನೆಂಟರು, ಪಾತ್ರೆ ರಾಶಿ ರಾಶಿ. ಅಕ್ಕನಿಗೆ ಹೇಗೂ ದಿನ ಹತ್ತಿರ ಬಂದಿತ್ತು. ಇವತ್ತಲ್ಲ ನಾಳೆ ಕೂರಲೇಬೇಕು, ಒಂದೆರಡು ದಿನ ಮುಂಚೆ ಕೂತರೆ ಯಾರ ಗಂಟು ಹೋಗುತ್ತದೆ ಅಂದುಕೊಂಡಳು. ಕಥೆಗೆ ಕೂತಳು.

ಅವಳು ಓದಿದ್ದನ್ನೆಲ್ಲ ದೂರದಲ್ಲಿ ನಿಂತ ನನಗೆ ಹೇಳುತ್ತಿದ್ದಳು. ಗಂಡನ ಮನೆ ಬಿಟ್ಟು ಬಂದ ಒಬ್ಬ ಹುಡುಗಿ, ಕೈಬಳೆ ಮಾರಿ ನರ್ಸ್ ಕೆಲಸ ಕಲಿಯುತ್ತಾಳೆ. ವರ್ಷಗಳಾದ ಮೇಲೆ ಗಂಡ ಆಸ್ಪತ್ರೆಯ ಬಾಗಿಲಿಗೆ ಬಂದು ನಿಂತು, ಮನೆಗೆ ಬಾ ಅನ್ನುತ್ತಾನೆ... ಅಕ್ಕ ಅಲ್ಲಿಗೆ ಬಂದಾಗಲೇ ಬೀದಿ ಬಾಗಿಲಲ್ಲಿ ಸದ್ದಾಯಿತು. ಭಾವನ ಸೋದರತ್ತೆ. ರಾಮನಾಥಪುರಕ್ಕೆ ಹೊಳೆಸ್ನಾನಕ್ಕೆ ಹೊರಟವರು ಹೊಸ ಸೊಸೆಯನ್ನು ನೋಡಿಕೊಂಡು ಹೋಗೋಣ ಅಂತ ಇಳಿದಿದ್ದರು. ಅಕ್ಕ ಪುಸ್ತಕವನ್ನು ಗೋಡೆಯಾಚೆ ಎಸೆದಳು. ಆಯಮ್ಮ ಹಿತ್ತಲ ಬಾಗಿಲಿನಿಂದ ಇಣುಕಿ, "ಓ, ಕೂತಿದಾಳಾ?" ಅಂದು, ಕಾಫಿ ಕುಡಿದು ಹೋದರು.

ಅಕ್ಕನಿಗೆ ಆ ತಿಂಗಳು ಆಗಲೇ ಇಲ್ಲ. ಜ್ಯೇಷ್ಠದಲ್ಲೇ ಬಸುರಾಗಿದ್ದಳು. ಅವಳಿಗೇ ಗೊತ್ತಿರಲಿಲ್ಲ. ಶ್ರಾವಣಕ್ಕೆ ಗಂಡನ ಮನೆಗೆ ಹೋದ ವಾರದಲ್ಲೇ ವಾಂತಿ ಶುರುವಾಯಿತು. ಮೊದಲು ಎಲ್ಲರಿಗೂ ಖುಷಿಯೋ ಖುಷಿ. ಆಮೇಲೆ ಸೋದರತ್ತೆ ಬೆರಳು ಮಡಿಸಿದರು. ಆಷಾಢದಲ್ಲಿ ಹೊರಗೆ ಕೂತಿದ್ದನ್ನು ಕಣ್ಣಾರೆ ಕಂಡಿದ್ದೇನೆ, ಅಂದಮೇಲೆ ನಿಂತದ್ದು ಆಮೇಲೆ, ಆಮೇಲೆ ಇವಳಿದ್ದದ್ದು ತವರಿನಲ್ಲಿ, ಗಂಡ ಇದ್ದದ್ದು ಇಲ್ಲಿ... ಅಷ್ಟೇ. ಭಾದ್ರಪದ ಹುಟ್ಟುವುದರೊಳಗೆ ಅಕ್ಕ ತನ್ನ ಟ್ರಂಕಿನ ಜೊತೆ ನಮ್ಮ ಜಗಲಿಯ ಮೇಲೆ ಇದ್ದಳು. ಕರೆತಂದು ಬಿಟ್ಟ ಭಾವ ನೀರನ್ನೂ ಕೇಳಲಿಲ್ಲ, ಅದೇ ಬಸ್ಸಿಗೆ ವಾಪಸ್ಸು ಹೋದ. ಆ ಗಂಡಸಿನ ಬೆನ್ನು ನನಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ.

ಅಕ್ಕ ಅಮ್ಮನಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಅಮ್ಮ ನಂಬಿದಳು. ನಂಬದೆ ಏನು, ತಾನೇ ಮಾಡಿದ ಕೆಲಸ. ಆದರೆ ಅಪ್ಪನ ಮುಂದೆ ಆ ಮಾತು ಎತ್ತಲಿಲ್ಲ. "ಪುಸ್ತಕಕ್ಕೆ ಕೂತಿದ್ಳು ಅಂದ್ರೆ ಯಾರು ನಂಬ್ತಾರೆ?" ಅಂತ ಕಣ್ಣೊರೆಸಿಕೊಂಡಳು. ಅದನ್ನು ಕೇಳಿದ ಹಿತ್ತಲತ್ತೆ ಗೋಡೆಯ ಆಚೆಯಿಂದ ಅಂದರು, "ನಾನೊಬ್ಬಳು ಹೇಳಿದ್ರೆ ನಂಬಲ್ಲ. ನಾಲ್ಕು ಜನ ಹೇಳಿದ್ರೆ ನಂಬಲೇಬೇಕು."

ಅವರು ಹಿತ್ತಲಿಂದ ಹಿತ್ತಲಿಗೆ ಹೋದರು. ತಾವು ಪುಸ್ತಕ ಕೊಟ್ಟ ಒಬ್ಬೊಬ್ಬರನ್ನೂ ಕೇಳಿದರು. ಚನ್ನರಾಯಪಟ್ಟಣಕ್ಕೆ ಬನ್ನಿ, ನಮ್ಮ ಬೀದೀಲಿ ಹೀಗೊಂದು ಪದ್ಧತಿ ಇದೆ, ನಾವೂ ಕೂತಿದೀವಿ ಅಂತ ಒಂದು ಮಾತು ಹೇಳಿ, ಒಂದು ಹುಡುಗಿ ಜೀವ ಉಳಿಯುತ್ತೆ ಅಂದರು. ಒಬ್ಬಳಿಗೆ ತಲೆನೋವು ಬಂತು. ಇನ್ನೊಬ್ಬಳು ಹಾಲುಕ್ಕಿತು ಅಂತ ಒಳಗೆ ಓಡಿದಳು. ಮತ್ತೊಬ್ಬಳು, ಪ್ರತಿ ತಿಂಗಳೂ ದಪ್ಪ ಪುಸ್ತಕವೇ ಬೇಕು ಅನ್ನುತ್ತಿದ್ದವಳು, "ನಾವು ಬಾಯಿ ಬಿಟ್ರೆ ನಾಳೆಯಿಂದ ನಮ್ಮ ದಿನಾನೂ ಎಣಿಸ್ತಾರಲ್ರೀ. ಆಮೇಲೆ ಆ ಮೂರು ದಿನಾನೂ ಅನುಮಾನವೇ" ಅಂದಳು. ಆ ಭಯ ನನಗೆ ಅರ್ಥವಾಗುತ್ತದೆ. ಅರ್ಥವಾದ ಮಾತ್ರಕ್ಕೆ ಕ್ಷಮಿಸಬೇಕೆಂದು ಎಲ್ಲಿದೆ? ಕೊನೆಗೆ ಅವರು ನಮ್ಮ ಅಮ್ಮನ ಮುಂದೆ ನಿಂತರು. ಹೆತ್ತ ಮಗಳ ಪ್ರಶ್ನೆ. ಅಮ್ಮ ಸೆರಗಿನ ತುದಿ ಬಾಯಿಗಿಟ್ಟುಕೊಂಡು ಗೋಡೆ ನೋಡಿದಳು. ಅಂದಿನಿಂದ ಅಮ್ಮನ ಜೊತೆ ನಾನು ಸರಿಯಾಗಿ ಮಾತಾಡಿದ್ದು ಎಷ್ಟೋ ವರ್ಷಗಳ ಮೇಲೆ.

ಮಾರನೇ ದಿನ ಹಿತ್ತಲತ್ತೆ ತಮ್ಮನಿಗೆ ಹೇಳದೆ, ಜೊತೆಗಿರಲಿ ಅಂತ ನನ್ನನ್ನು ಕರೆದುಕೊಂಡು ಬಸ್ಸು ಹತ್ತಿದರು. ಬೀಗರ ಮನೆಯ ನಡುಮನೆಯಲ್ಲಿ ನಮಗೆ ಚಾಪೆ ಕೂಡ ಹಾಸಲಿಲ್ಲ. ಬೀಗಿತ್ತಿ ಕಂಬಕ್ಕೆ ಒರಗಿ ನಿಂತಿದ್ದರು. ಅವರ ಗಂಡ ಉಯ್ಯಾಲೆ ಮಣೆಯ ಮೇಲೆ, ಭಾವ ಬಾಗಿಲ ಹಿಂದೆ.

"ನಿಮ್ಮ ಸೊಸೆ ಆ ದಿವಸ ಹೊರಗಾಗಿರಲಿಲ್ಲ ಕಣ್ರೀ. ನಾನು ಕೊಟ್ಟ ಪುಸ್ತಕ ಓದೋಕೆ ಸುಳ್ಳು ಹೇಳಿ ಕೂತಿದ್ಳು."

ಬೀಗಿತ್ತಿ ನಕ್ಕರು. "ಪುಸ್ತಕ ಓದೋಕೆ ಯಾವ ಹೆಂಗಸಾದ್ರೂ ಕೊಟ್ಟಿಗೆ ಪಕ್ಕ ಚಾಪೆ ಹಾಕ್ಕೋತಾಳಾ? ಇದಕ್ಕಿಂತ ಒಳ್ಳೇ ಸುಳ್ಳು ಸಿಗಲಿಲ್ವೇ ನಿಮಗೆ?"

"ನಾನೂ ಕೂತಿದೀನಿ."

"ಕೂತಿರ್ತೀರಿ, ಬೇರೆಯವರ ಮಗಳನ್ನ ಉಳಿಸೋಕೆ ಯಾರು ಏನು ಬೇಕಾದ್ರೂ ಹೇಳ್ತಾರೆ."

ಹಿತ್ತಲತ್ತೆ ನನ್ನ ಕೈ ಹಿಡಿದುಕೊಂಡರು. ಆಮೇಲೆ ತುಂಬಾ ನಿಧಾನವಾಗಿ ಅಂದರು, "ನನ್ನ ತಾಯಿ ತಿಥಿ ದಿವಸ ಕೂತಿದೀನಿ. ನನ್ನ ತಮ್ಮ ಎಳ್ಳು ನೀರು ಬಿಡ್ತಿದ್ದ. ಅಡುಗೆಗೆ ಜನ ಇಲ್ಲದೆ ಅವನ ಹೆಂಡತಿ ಒದ್ದಾಡ್ತಿದ್ಳು. ನಾನು ಹಿತ್ತಲಲ್ಲಿ ಕಾದಂಬರಿ ಓದ್ತಿದ್ದೆ. ಹೆತ್ತ ತಾಯಿಗೆ ಪಿಂಡದ ಅನ್ನ ಬೇಯಿಸೋದು ತಪ್ಪಿಸಿಕೊಂಡು ಓದಿದವಳು ನಾನು. ಈಗ ನಂಬ್ತೀರಾ?"

ಉಯ್ಯಾಲೆ ನಿಂತಿತು. ಬೀಗಿತ್ತಿ ಒಂದು ಹೆಜ್ಜೆ ಹಿಂದಕ್ಕೆ ಸರಿದರು, ತಾಕಿದರೆ ಮೈಲಿಗೆ ಅನ್ನುವ ಹಾಗೆ. "ಶಿವ ಶಿವಾ! ಇಂಥಾದ್ದನ್ನ ಯಾರೂ ಸುಮ್ಸುಮ್ನೆ ತಮ್ಮ ಮೇಲೆ ಹೇಳ್ಕೊಳ್ಳಲ್ಲ" ಅಂದರು. ನಂಬಿದರು.

ಆ ಮಾತು ಸುಳ್ಳು. ಶುದ್ಧ ಸುಳ್ಳು. ಅವರ ತಾಯಿಯ ತಿಥಿಯನ್ನು ನಾನು ಪ್ರತಿವರ್ಷ ಗೋಡೆಯ ಮೇಲಿಂದ ನೋಡುತ್ತಿದ್ದೆ. ಬೆಳಕು ಹರಿಯುವ ಮುಂಚೆ ಬಾವಿಯ ಹತ್ತಿರ ತಲೆಯ ಮೇಲೆ ನೀರು ಸುರಿದುಕೊಂಡು, ಒದ್ದೆ ಸೀರೆಯಲ್ಲೇ ಒಲೆ ಹೊತ್ತಿಸಿ, ಬ್ರಾಹ್ಮಣರ ಊಟ ಮುಗಿಯುವವರೆಗೆ ಒಂದು ಹನಿ ನೀರು ಮುಟ್ಟದೆ ಅಡುಗೆ ಮಾಡುತ್ತಿದ್ದವರು ಅವರೇ. ವರ್ಷವಿಡೀ ಎಷ್ಟು ಸಲ ಕಥೆಗೆ ಕೂತರೂ ಆ ದಿನದ ಹತ್ತಿರ ಪುಸ್ತಕದ ಮಾತೇ ಇರುತ್ತಿರಲಿಲ್ಲ. ನಿಜ ಹೇಳಿದಾಗ ನಕ್ಕ ಆ ಜನ, ಸುಳ್ಳು ಹೇಳಿದ ಕೂಡಲೇ ನಂಬಿದರು. ನನಗೆ ಆ ನಡುಮನೆಯಲ್ಲೇ ಕಿರುಚಿಬಿಡಬೇಕು ಅನ್ನಿಸಿತು. ಅವರು ನನ್ನ ಕೈಯನ್ನು ಗಟ್ಟಿಯಾಗಿ ಹಿಸುಕಿದರು.

ಸಂಜೆ ವಾಪಸ್ಸು ಬಂದವರು ಅಕ್ಕನನ್ನು ಗೋಡೆಯ ಹತ್ತಿರ ಕರೆದರು. "ನಾಳೆ ನಿನ್ನ ಗಂಡ ಬರ್ತಾನೆ, ಟ್ರಂಕು ಕಟ್ಟಿಕೋ" ಅಂದರು. ಆಮೇಲೆ ಅವಳ ಕಿವಿಯ ಹತ್ತಿರ ಬಾಗಿ ಏನೋ ಹೇಳಿದರು. ಅಕ್ಕ ಒಂದು ಸಲ ನಕ್ಕಳು. ಕಣ್ಣಲ್ಲಿ ನೀರಿತ್ತು. ಕಾದಂಬರಿಯ ಕೊನೆ ಹೇಳಿದ್ದರು. ಮುಂದೆ ಆ ಮನೆಯಲ್ಲಿ ಅವಳ ಕೈಗೆ ಪುಸ್ತಕ ಸಿಗುವುದಿಲ್ಲ ಅಂತ ಅವರಿಗೆ ಗೊತ್ತಿತ್ತು. ಅವರು ತಮ್ಮ ನಿಯಮ ಮುರಿದದ್ದು ಅದೊಂದೇ ಸಲ. ನನಗೂ ಹೇಳಿ ಅಂದೆ. "ನಿನಗ್ಯಾಕೆ? ಅಟ್ಟದಲ್ಲಿದೆ, ನೀನು ಕೂತಾಗ ಓದ್ಕೋ" ಅಂದರು.

ಅಕ್ಕ ಹೋದ ಮೇಲೆ ಬೀಗರು ಸುಮ್ಮನಿರಲಿಲ್ಲ. ವಾರದೊಳಗೆ ಸುದ್ದಿ ಹಿತ್ತಲತ್ತೆಯ ತಮ್ಮನ ಕಿವಿಗೆ ಬಿತ್ತು. ಅವತ್ತು ಕೋರ್ಟಿಗೆ ರಜ ಹಾಕಿದ ಮನುಷ್ಯ, ಕೊಟ್ಟಿಗೆಯ ಅಟ್ಟಕ್ಕೆ ಏಣಿ ಹಾಕಿದ. ಇಷ್ಟು ವರ್ಷ ಕಣ್ಣೆತ್ತಿ ನೋಡದಿದ್ದ ಮೈಲಿಗೆ ಪುಸ್ತಕಗಳನ್ನು ಎದೆಗವಚಿಕೊಂಡು, ತುಂಬು ತೋಳಿನಲ್ಲಿ, ಇಳಿಸಿಕೊಂಡು ಬಂದ. ಓದುವುದಕ್ಕೆ ಅಡ್ಡ ಬಂದ ಮೈಲಿಗೆ ಸುಡುವುದಕ್ಕೆ ಬರಲಿಲ್ಲ. ಕೊಟ್ಟಿಗೆ ಕೆಲಸದವಳು ಸಗಣಿ ಕೈಯಲ್ಲೇ ನಿಂತು, "ಅಯ್ಯೋ ಬುದ್ಧೀ, ಮುಟ್ಬಾರ್ದು ಅಂತಿದ್ರಲ್ಲ, ಈಗ ಎಂಗೆ ಎತ್ಕಂಡ್ರಿ?" ಅಂದಳು. ಅವನು ಒಂದೊಂದಾಗಿ ಬಚ್ಚಲ ಒಲೆಗೆ ತುರುಕಿದ. ಬಜೆ ಸುಟ್ಟ ಘಾಟು ನಮ್ಮ ಹಿತ್ತಲೆಲ್ಲ ತುಂಬಿತು. ಹಂಡೆಯ ನೀರು ಕಾಯಿತು. ಆ ನೀರನ್ನೇ ಮೈಮೇಲೆ ಹುಯ್ದುಕೊಂಡು, ವಿಭೂತಿ ಹಚ್ಚಿಕೊಂಡು, ಶುದ್ಧನಾಗಿ ಊಟಕ್ಕೆ ಕೂತ. ಬಡಿಸಿದವರು ಹಿತ್ತಲತ್ತೆ.

ಅದೂ ಸಾಲಲಿಲ್ಲ. ತಾಯಿಯ ತಿಥಿಯ ದಿನ ತನ್ನ ಅಕ್ಕ ಅನ್ನಿಸಿಕೊಂಡವಳು ಮನೆಯೊಳಗೆ ಇರಕೂಡದು ಅಂದ. ಅಂದಿನಿಂದ ಪ್ರತಿವರ್ಷ ಆ ದಿನ ಅವರು ಬೆಳಗಿನಿಂದ ಸಂಜೆಯವರೆಗೆ ಕೊಟ್ಟಿಗೆಯಲ್ಲಿ, ಖಾಲಿ ಅಟ್ಟದ ಕೆಳಗೆ ಕೂತಿರುತ್ತಿದ್ದರು. "ನಿಜ ಹೇಳಿಬಿಡಿ, ಅವತ್ತು ಹೇಳಿದ್ದು ಸುಳ್ಳು ಅಂತ ಹೇಳಿಬಿಡಿ" ಅಂತ ನಾನು ಅತ್ತುಕೊಂಡು ಹೇಳಿದ್ದೆ. "ಹೇಳಿದ್ರೆ ನಿಮ್ಮಕ್ಕನ ಟ್ರಂಕು ಮತ್ತೆ ಬರುತ್ತೆ ಕಣೇ" ಅಂದರು. ಅಷ್ಟು ಹೊತ್ತಿಗೆ ಅಕ್ಕನ ಮಡಿಲಲ್ಲಿ ಹೆಣ್ಣುಮಗು ಇತ್ತು. ಬೀಗರ ಮನೆಯಲ್ಲಿ ಊರನ್ನೆಲ್ಲ ಕರೆದು ನಾಮಕರಣ ಮಾಡಿದರು. ಹಿತ್ತಲತ್ತೆಯನ್ನು ಕರೆಯಲಿಲ್ಲ.

ಬೀದಿಯ ಹೆಂಗಸರ ಕಥೆ ಕೇಳಿ. ಎದುರಿಗೆ ಸಿಕ್ಕರೆ ಅವರನ್ನು ಕಂಡೂ ಕಾಣದ ಹಾಗೆ ಹೋಗುತ್ತಿದ್ದವರು, ನಾಲ್ಕಾರು ತಿಂಗಳಾದ ಮೇಲೆ ಒಬ್ಬೊಬ್ಬರೇ ಗೋಡೆಯ ಹತ್ತಿರ ಬಂದು ಪಿಸುಗುಟ್ಟತೊಡಗಿದರು. "ಒಂದಾದ್ರೂ ಉಳಿದಿಲ್ವೇನ್ರೀ? ಹೊತ್ತೇ ಹೋಗಲ್ಲ." ನಾನಾಗಿದ್ದರೆ ಚೊಂಬಿನ ನೀರು ಎರಚುತ್ತಿದ್ದೆ. ಹಿತ್ತಲತ್ತೆ ಹಾಗೆ ಮಾಡಲಿಲ್ಲ. ಪುಸ್ತಕ ಇಲ್ಲ, ಬಾಯಲ್ಲಿ ಹೇಳ್ತೀನಿ ಅಂದರು. ಹೊರಗೆ ಕೂತವಳ ಎದುರು ಗೋಡೆಗೆ ಕೈ ಊರಿ, ಸುಟ್ಟುಹೋದ ಕಾದಂಬರಿಗಳನ್ನು ಒಂದೊಂದಾಗಿ ಹೇಳುತ್ತಿದ್ದರು. ಮೊದಲ ದಿನದವಳಿಗೆ ದೊಡ್ಡ ಕಥೆ, ಮೂರನೇ ದಿನದವಳಿಗೆ ಸಣ್ಣದು. ಕೇಳುವವರು ಕೊರಳು ಚಾಚಿ ಕೂತಿರುತ್ತಿದ್ದರು. ಇನ್ನೇನು ಮುಗಿಯಬೇಕು ಅನ್ನುವಾಗ ಅವರು ಸೀರೆ ಕೊಡವಿಕೊಂಡು ಎದ್ದು ಬಿಡುತ್ತಿದ್ದರು.

"ಕೊನೆಗೇನಾಯ್ತು ಹೇಳಿ ಹೋಗ್ರೀ!"

"ನೀವು ಅವತ್ತು ಬಾಯಿ ಬಿಟ್ರಾ? ನಾನೂ ಬಿಡಲ್ಲ."

ಬದುಕಿರುವವರೆಗೂ ಬಿಡಲಿಲ್ಲ. ಅಮ್ಮನಿಗೂ ಬಿಡಲಿಲ್ಲ. ಆ ಒಂದು ಸಿಟ್ಟಿಗಾಗಿಯೇ ನಾನು ಅವರನ್ನು ಇನ್ನೂ ಹೆಚ್ಚು ಹಚ್ಚಿಕೊಂಡೆ. ಆದರೆ ಅಕ್ಕನಿಗೆ ಹೇಳಿದ ಆ ಕೊನೆಯನ್ನು ನನಗೂ ಹೇಳಲಿಲ್ಲ. ಎಷ್ಟು ಪೀಡಿಸಿದರೂ, "ನೀನು ಓದಬೇಕು ಕಣೇ, ಕೇಳಬಾರದು. ಎಲ್ಲಾದ್ರೂ ಸಿಗುತ್ತೆ" ಅನ್ನುತ್ತಿದ್ದರು. ನನ್ನನ್ನು ಅರಕಲಗೂಡಿಗೆ ಮದುವೆ ಮಾಡಿ ಕೊಟ್ಟರು. ಕೆಲವು ವರ್ಷಗಳ ಮೇಲೆ ಒಂದು ದಿನ ಬಸ್ ಸ್ಟ್ಯಾಂಡಿನಲ್ಲಿ ನಮ್ಮ ಬೀದಿಯವರೊಬ್ಬರು ಸಿಕ್ಕಿ, ಮಾತಿಗೆ ಮಾತು ಬಂದಾಗ, ಅಯ್ಯೋ ಆಯಮ್ಮ ಹೋಗಿ ಎಷ್ಟೋ ತಿಂಗಳಾಯ್ತಲ್ಲ ಅಂದರು. ನನಗೆ ಹೇಳಿಕಳಿಸಬೇಕು ಅಂತ ಯಾರಿಗೂ ಅನ್ನಿಸಿರಲಿಲ್ಲ. ಅಮ್ಮನಿಗೂ. ಅಕ್ಕ ಬದುಕಿರುವವರೆಗೆ ಆ ವಿಷಯ ಎತ್ತಿದರೆ, ಕಾದಂಬರಿಯ ಕೊನೆ ಕೇಳಿದರೂ, "ಮಗಳ ಕಿವಿಗೆ ಬೀಳೋದು ಬೇಡ" ಅನ್ನುತ್ತಿದ್ದಳು. ಈಗ ಅವಳೂ ಇಲ್ಲ...

ಬಾಣಂತಿ ಇನ್ನೂ ನನ್ನ ಮುಖವನ್ನೇ ನೋಡುತ್ತಿದ್ದಳು. ನಾನು ಕಥೆ ಶುರು ಮಾಡಿದೆ. ಬಳೆ ಮಾರಿದ್ದು, ನರ್ಸಾದದ್ದು, ಗಂಡ ಆಸ್ಪತ್ರೆಯ ಬಾಗಿಲಿಗೆ ಬಂದದ್ದು. ಹಿತ್ತಲತ್ತೆ ಹೇಳುತ್ತಿದ್ದ ಹಾಗೆಯೇ ಹೇಳಿದೆ ಅಂತ ಕಾಣುತ್ತದೆ. ಹುಡುಗಿ ಎದ್ದು ಕೂತಿದ್ದಳು.

"ಆಮೇಲೆ? ಹೋ‌ದ್ಳಾ, ಇಲ್ವಾ?"

"ನನಗೆ ಗೊತ್ತಿಲ್ಲ ಕಣೇ. ಗೊತ್ತಿದ್ದದ್ದು ನಿಮ್ಮಜ್ಜಿಗೆ, ಇನ್ನೊಬ್ಬರಿಗೆ."

"ಇನ್ನೊಬ್ಬರು ಯಾರು?"

ಬಜೆ ತೇಯುತ್ತಿದ್ದ ಅವಳ ಅಮ್ಮ, ಆಷಾಢದ ಲೆಕ್ಕದಲ್ಲಿ ಸಿಕ್ಕಿಕೊಂಡು ಹುಟ್ಟಿದ ನಮ್ಮ ಅಕ್ಕನ ಮಗಳು, ತಲೆಯೆತ್ತಿದಳು. ಅವಳಿಗೇ ಈಗ ಕೂದಲು ಬೆಳ್ಳಗಾಗಿದೆ. ಇನ್ನು ಯಾರಿಗೆ ಹೆದರಬೇಕು? ನಮ್ಮ ಇಡೀ ಬೀದಿಯಲ್ಲಿ ಒಬ್ಬಳೂ ಬಿಡದ ಬಾಯನ್ನು ನಾನು ಬಿಟ್ಟೆ. ಎಲ್ಲವನ್ನೂ ಹೇಳಿದೆ. ಹೇಳುತ್ತಾ ಹೇಳುತ್ತಾ ನನ್ನ ಧ್ವನಿ ಎಷ್ಟು ಏರಿತು ಅಂದರೆ ಮಗು ಬೆಚ್ಚಿ ಅತ್ತಿತು.

ಅಕ್ಕನ ಮಗಳು ಬೆರಳಿಗೆ ಅಂಟಿದ್ದ ಬಜೆಯನ್ನು ಮೂಗಿನ ಹತ್ತಿರ ಹಿಡಿದುಕೊಂಡು ಕೂತಿದ್ದಳು. ಆಮೇಲೆ ಕೇಳಿದಳು, "ಚಿಕ್ಕಮ್ಮ, ಆ ಹಿತ್ತಲತ್ತೆ ತಿಥಿ ಯಾವತ್ತು ಬರುತ್ತೆ? ನಾನು ಅಡುಗೆ ಮಾಡ್ತೀನಿ."

ಮಾಘವೋ ಫಾಲ್ಗುಣವೋ... ಆ ತಮ್ಮ ಒಂದು ವರ್ಷವೂ ಮಾಡಲಿಲ್ಲ, ನಮ್ಮ ಮನೆಯಲ್ಲಿ ಯಾರೂ ನೆನಪಿಟ್ಟುಕೊಳ್ಳಲಿಲ್ಲ. ನನಗೆ ಅದೂ ಗೊತ್ತಿರಲಿಲ್ಲ.